ಸೂಜಿಯಲ್ಲಿ ದೋಷವಿರಲಿಲ್ಲ

ಜಾಝ್ ಸಂಗೀತದ ಹಳೆಯ ಎಲ್‌ಪಿ ಪ್ಲೇಟುಗಳನ್ನು ಕೂಡಿಡುವ ಹುಚ್ಚು ನಮ್ಮ ಕಡೆ, ನನಗೆ ಗೊತ್ತಿರುವ ಮಟ್ಟಿಗೆ, ಮೂವರಿಗೆ ಮಾತ್ರ ಇದೆ. ಕಡೂರಿನ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವ ನಾನು, ಅಜ್ಜಂಪುರದ ಒಬ್ಬ ದನದ ಡಾಕ್ಟರು, ತರೀಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಗೆಳೆಯ. ಕಾಫಿ ತೋಟದ ಬಂಗಲೆಗಳಿಂದ ಗುಜರಿಗೆ ಬಿದ್ದ ಪ್ಲೇಟುಗಳಿಂದ ಅಂಟಿಕೊಂಡ ಕಾಯಿಲೆ ಇದು. ತಿಂಗಳಿಗೊಂದು ಭಾನುವಾರ ಡಾಕ್ಟರ ಮನೆಯಲ್ಲಿ ಸೇರುತ್ತೇವೆ. ತಲಾ ಒಂದು ಮೆಚ್ಚಿನ ಪ್ಲೇಟು ತರಬೇಕು. ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ನಾನಂತೂ ಆ ಮೌನದಲ್ಲಿ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ. ಮುಗಿದ ಮೇಲೆ ಮೊದಲ ಮಾತು ಗಿರಣಿಯವನದು. ಏಕೆಂದರೆ ಕಿವಿ ಇದ್ದದ್ದು ಅವನಿಗೆ. ನಮ್ಮಿಬ್ಬರಿಗೆ ಇದ್ದದ್ದು ಬರೀ ಪ್ಲೇಟು.

ಹೋದ ವರ್ಷ ಅವನು ತನ್ನ ಪ್ರಾಣವೆನ್ನುವಂಥ ಪ್ಲೇಟು ತಂದ. ಪಿಯಾನೋ, ದಪ್ಪ ದನಿಯ ತಂತಿವಾದ್ಯ ಬಾಸ್, ಡ್ರಮ್ಮು, ಅಷ್ಟೇ. ಡ್ರಮ್ಮಿನವನು ಕೋಲು ಬಿಟ್ಟು ತಂತಿಯ ಬ್ರಷ್‌ನಿಂದ ಸಿಂಬಲ್ ಎಂಬ ಕಂಚಿನ ತಟ್ಟೆ ಸವರುತ್ತಾನೆ, ಯಾರೋ ಅಂಗಳದಲ್ಲಿ ಮೆಲ್ಲಗೆ ಅಕ್ಕಿ ಕೇರಿದ ಹಾಗೆ. ಮಗ್ಗುಲು ಮುಗಿಯಿತು.

"ಸಿಂಬಲ್ ಎಲ್ಲೋಯ್ತೋ?" ಎಂದ ಗಿರಣಿಯವನು. "ನಿನ್ನ ಸೂಜಿ ಸವ್ದೋಗಿದೆ ಕಣೋ ಡಾಕ್ಟ್ರೇ."

ನನಗೆ ಸಿಂಬಲ್ ಸೊಗಸಾಗಿ ಕೇಳಿತ್ತು. ಆದರೆ ಅವನು ಹೇಳಿದ ಮೇಲೆ ನನಗೂ ಸ್ವಲ್ಪ ಮಂಕು ಅನ್ನಿಸಿತು. "ಹೌದು, ಮಂಕಾಗಿದೆ," ಎಂದೆ. ಡಾಕ್ಟರೂ ತಲೆಯಾಡಿಸಿದರು.

ಸೂಜಿ ಬದಲಾಯಿಸಿದೆವು. ಆಮೇಲೆ ಸೂಜಿ ಕೂರುವ ಕಾರ್ಟ್ರಿಜ್. ಆಮೇಲೆ ಸ್ಪೀಕರಿನ ವೈರು. ಬಚ್ಚಲಲ್ಲಿ ಕೂತು ಪ್ಲೇಟುಗಳಿಗೆ ಎಳೆಗೂಸಿಗೆ ಎರೆದ ಹಾಗೆ ಎರೆದೆವು. ಪ್ರತಿ ಸಲ ಅವನು ತಲೆ ವಾರೆ ಮಾಡಿ ಕೇಳಿ, "ಇನ್ನೂ ಬರ್ತಿಲ್ಲ ಕಣ್ರೋ," ಎನ್ನುವುದು, ನಾವು ಹೌದೆನ್ನುವುದು. ಅವನಿಗೆ ಕೇಳದ್ದು ನನಗೆ ಕೇಳುತ್ತಿದೆಯೆಂದರೆ ಕೆಟ್ಟಿರುವುದು ನನ್ನ ಕಿವಿಯೇ ಎಂದು ತೀರ್ಮಾನಿಸಿ, ಮನೆಯಲ್ಲಿ ಕೈಗಡಿಯಾರ ಕಿವಿಗಿಟ್ಟು ನೋಡಿಕೊಂಡೆ. ಟಿಕ್ ಟಿಕ್ ಕೇಳಿತು. ಅದು ಗಡಿಯಾರವೋ ನನ್ನ ಬಿ.ಪಿ.ಯೋ ಎಂಬ ಚಿಂತೆ ಹತ್ತಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಪ್ಲೇಟು ತಿರುಗಿಸುವ ಹೊಸ ಬೆಲ್ಟು ಹಿಡಿದು ತರೀಕೆರೆಗೆ ಹೋದೆ, ಅವನ ಮನೆಯ ಪ್ಲೇಯರಿಗೆ ಹಾಕಿ ನೋಡೋಣವೆಂದು. ಅವನ ಹೆಂಡತಿ ಕಾಫಿ ಕೊಟ್ಟು, ಒಳಗೆ ಕೂಗುತ್ತಿದ್ದ ಕುಕ್ಕರಿನ ಕಡೆ ಕೈ ತೋರಿಸಿದರು. ಗೆಳೆಯ ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ.

"ನೋಡಿ ಅಣ್ಣ. ಕುಕ್ಕರ್ ಕೂಗಿದ್ದೂ ಇವರಿಗೆ ಕೇಳ್ಸಲ್ಲ. ನೀವು ಓದ್ದೋರು, ಸೂಜಿ ಬದಲಾಯಿಸ್ತಾ ಕೂತಿದೀರ."

ನಾವಿಬ್ಬರೂ ಅವನನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು. ಅಲ್ಲಿಯ ಕಿವಿ ಡಾಕ್ಟರು ಗಿರಣಿಯ ಸದ್ದು ಕಿವಿ ತಿಂದುಹಾಕಿದೆ ಎಂದರು. ಹೋದದ್ದು ಬರುವುದಿಲ್ಲ. ಸಿಂಬಲ್ ಕೇಳದಾದಾಗಲೇ ಬಂದು ಗಿರಣಿಯಿಂದ ದೂರವಿದ್ದಿದ್ದರೆ ಇನ್ನಷ್ಟು ಉಳಿಯುತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ದನದ ಡಾಕ್ಟರು ಒಂದೇ ಮಾತಾಡಿದರು: "ಊರ ದನದ ಕಿವಿಯೆಲ್ಲ ನೋಡಿದೆ, ಇವನದು ನೋಡ್ಲಿಲ್ಲ." ಇನ್ನು ಮೇಲೆ ಅವನೆದುರು ಸುಳ್ಳು ತಲೆಯಾಡಿಸಬಾರದು ಎಂದು ನಾವಿಬ್ಬರೂ ಅಂದುಕೊಂಡೆವು.

ಕಿವಿಯಂತ್ರ ಬಂತು. "ಮಾತು ಕೇಳ್ಸುತ್ತೆ. ಪ್ಲೇಟು ಹಾಕಿದ್ರೆ ತಗಡಿನ ಡಬ್ಬದೊಳಗೆ ಹೆಗ್ಗಣ ಸಿಕ್ಕೊಂಡಂಗೆ," ಎಂದು ಅವನೇ ನಕ್ಕ. ಪ್ಲೇಟು ಹಾಕಿದಾಗ ಯಂತ್ರವನ್ನು ತೆಗೆದಿಡುತ್ತಿದ್ದ. ಸೂಜಿ ಇಳಿದದ್ದನ್ನು ನೋಡಿ ಕಣ್ಣು ಮುಚ್ಚಿ, ನೆನಪಿನಿಂದಲೇ ಮುಂದಿನದನ್ನು ಹೇಳುತ್ತಿದ್ದ: "ಈಗ ಪಿಯಾನೋ ನಿಲ್ಲುತ್ತೆ. ಈಗ ಬಾಸ್ ಒಂದೇ." ನಿಲ್ಲುತ್ತಿತ್ತು. ಬಾಸ್ ಒಂದೇ ಉಳಿಯುತ್ತಿತ್ತು. ನಾವು ಅವನ ಮೊಣಕಾಲು ತಟ್ಟಿ ಸರಿ ಎನ್ನುತ್ತಿದ್ದೆವು. ಕಿವಿ ಹೋದರೂ ತಲೆಯೊಳಗೆ ಇದೆಯಲ್ಲ, ಅದನ್ನು ಯಾವ ಗಿರಣಿಯೂ ಬೀಸಲಾರದು ಎಂದು ಅನುಮಾನದ ಪ್ರಾಣಿಯಾದ ನಾನೂ ನಂಬಿದ್ದೆ.

ಹೋದ ತಿಂಗಳು ಮತ್ತೆ ಅದೇ ಪ್ಲೇಟು. "ಈಗ ಬಾಸ್ ಒಂದೇ," ಎಂದ. ಪಿಯಾನೋ ನುಡಿಯುತ್ತಲೇ ಇತ್ತು. ಅವನ ಮೊಣಕಾಲು ನಮ್ಮ ಕೈಗಾಗಿ ಕಾಯುತ್ತಿತ್ತು. ಡಾಕ್ಟರು ನನ್ನನ್ನು ನೋಡಿದರು, ನಾನು ಗೋಡೆ ನೋಡಿದೆ. ಅವನು ಕಣ್ಣು ತೆರೆದ. ಡಾಕ್ಟರು ನಿಧಾನಕ್ಕೆ ಕೈಯಾಡಿಸಿದರು, ಇಲ್ಲ ಎಂದು.

ಯಂತ್ರ ಕಿವಿಗೆ ಸಿಕ್ಕಿಸಿಕೊಂಡ. "ಎರಡನೇ ಮಗ್ಗುಲಲ್ವಾ ಇದು?"

"ಮೊದಲ್ನೇದು," ಎಂದೆ.

ಅವನು ತಿರುಗುವ ಪ್ಲೇಟನ್ನೇ ನೋಡುತ್ತಾ ಕೂತ. "ಇದೂ ಹೋಗ್ತಾ ಇದೆ ಕಣ್ರೋ," ಎಂದ ತಲೆ ಮುಟ್ಟಿಕೊಂಡು, ಬಸ್ಸು ಹೋಯಿತು ಅನ್ನುವಷ್ಟೇ ಸಹಜವಾಗಿ. ಆಮೇಲೆ, "ಮೊದಲಿಂದ ಹಾಕು. ನಾನು ಹೇಳಲ್ಲ, ನೀವೇ ಹೇಳಿ."

ಡಾಕ್ಟರು ಸೂಜಿಯನ್ನು ಅಂಚಿಗಿಟ್ಟರು. ನಾನು ಅವನ ಕಿವಿಯ ಹತ್ತಿರ ಬಗ್ಗಿ ಹೇಳತೊಡಗಿದೆ. ಪಿಯಾನೋ ಬಂತು. ಪಿಯಾನೋ. ಇನ್ನೂ ಪಿಯಾನೋ. ಇಷ್ಟು ವರ್ಷ ಕೇಳಿದ್ದಕ್ಕೆ ನನ್ನ ಹತ್ತಿರ ಇದ್ದ ಮಾತು ಅದೊಂದೇ.