ಸುತ್ತಿಗೆಯ ತಾಳ

ಲೈಪ್ಸಿಗ್‌ನಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವ ರಿಸ್ಟ್‌ನ ಒಬ್ಬಳೇ ಮಗಳು ವಾಲ್ಬುರ್ಗಾ. ಆರು ವರ್ಷದಿಂದ ಕೆಟ್ಲರ್ ಮೇಷ್ಟ್ರ ಬಳಿ ಪಿಯಾನೊ ಕಲಿಯುತ್ತಿದ್ದಳು. ತಾನೇ ಕಟ್ಟಿದ ಕೃತಿಗಳನ್ನು ಬರೆದು, ತಿದ್ದಿಕೊಡಿ ಎಂದು ಅವರ ಕೈಗೆ ಒಪ್ಪಿಸುತ್ತಿದ್ದಳು.

೧೮೪೩ರ ಚಳಿಗಾಲದಲ್ಲಿ ಮೇಷ್ಟ್ರ ಹೊಸ ಕೃತಿಯ ಅಚ್ಚಾದ ಹಾಳೆಗಳು ಅಪ್ಪನ ಅಂಗಡಿಗೇ ಬಂದವು. ಮಡಚಲು ಕೂತ ವಾಲ್ಬುರ್ಗಾಳ ಕೈ ನಿಂತುಬಿಟ್ಟಿತು. ಒಳಗಿನ ಸ್ವರವೆಲ್ಲ ಅವಳದು. ಮುಖಪುಟದ ಹೆಸರು ಮಾತ್ರ ಕೆಟ್ಲರ್‌ರದು.

"ಅಪ್ಪ, ಇದು ನಾನು ಬರ್ದಿದ್ದು! ಕದ್ದಿದಾನೆ ಆ ಮುದುಕ!"

"ಬಾಯ್ಮುಚ್ಚೇ. ಅಂಥ ದೊಡ್ಡ ಮನುಷ್ಯನಿಗೆ ನಿನ್ನ ಗೀಚಾಟ ಯಾಕೆ ಬೇಕು?" ಅಪ್ಪ ತಲೆಯೆತ್ತದೆ ಹೊಲಿದ ಪುಸ್ತಕದ ಬೆನ್ನಿಗೆ ಸುತ್ತಿಗೆ ಬಡಿಯುತ್ತಲೇ ಇದ್ದ.

ಕಳ್ಳತನಕ್ಕಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು.

ಭಾನುವಾರ ಮಧ್ಯಾಹ್ನ ಹೊಲಿದ ಪ್ರತಿಗಳನ್ನು ಹೊತ್ತು ಅಪ್ಪ ಹೊರಟಾಗ ಅವಳೂ ಬೆನ್ನಿಗೆ ಬಿದ್ದಳು. ಮೇಷ್ಟ್ರ ಹಜಾರದ ತುಂಬ ಕಾಫಿ ಬಟ್ಟಲು ಹಿಡಿದ ಅತಿಥಿಗಳು. ಮೇಷ್ಟ್ರು ಅದೇ ಕೃತಿಯನ್ನು ಆಗಷ್ಟೇ ನುಡಿಸಿ ಮುಗಿಸಿದ್ದರು.

"ಎಡಗೈಯಲ್ಲಿ ಬರೋ ಆ ತಾಳ ಎಲ್ಲಿ ಸಿಕ್ತು ನಿಮಗೆ?" ಎಂದು ಒಬ್ಬಾಕೆ ಕೇಳಿದಳು.

"ಡ್ರೆಸ್ಡೆನ್‌ನಲ್ಲಿ ನದಿ ದಡದ ಮೇಲೆ ಕೂತಿದ್ದೆ ತಾಯಿ. ಅಲೆ ಹೇಳ್ಕೊಡ್ತು."

ವಾಲ್ಬುರ್ಗಾಳ ಮೈ ಹೊತ್ತಿಕೊಂಡಿತು. ನೇರ ಹೋಗಿ ಪಿಯಾನೊದ ಮುಂದೆ ಕೂತು ಎಡಗೈಯೊಂದರಲ್ಲೇ ನುಡಿಸಿದಳು. ಎರಡು ಪೆಟ್ಟು ಮೆಲ್ಲಗೆ, ಒಂದು ಜೋರಾಗಿ, ಆಮೇಲೆ ಬಿಡುವು.

"ಅಲೆಯಂತೆ ಅಲೆ! ಇದು ನಮ್ಮಪ್ಪನ ಸುತ್ತಿಗೆ ಕಣ್ರೀ! ಪುಸ್ತಕ ತಿರುಗಿಸೋಕೆ ಕೈ ನಿಲ್ಲಿಸ್ತಾನಲ್ಲ, ಆ ಬಿಡುವು ಇದು!"

ಅತಿಥಿಗಳು ನಕ್ಕರು. ಮೇಷ್ಟ್ರೂ ನಕ್ಕರು. "ಪಾಪ, ಜ್ವರ ಬಂದಿರ್ಬೇಕು ಹುಡುಗಿಗೆ. ರಿಸ್ಟ್, ಮನೆಗೆ ಕರ್ಕೊಂಡು ಹೋಗಯ್ಯ."

ರಿಸ್ಟ್ ಕದಲಲಿಲ್ಲ. ಅವನ ಬಲಗೈ ತನಗೇ ತಿಳಿಯದಂತೆ ತೊಡೆಯ ಮೇಲೆ ಅದೇ ತಾಳ ಬಡಿಯುತ್ತಿತ್ತು. ಮೂವತ್ತು ವರ್ಷ ಬಡಿದ ತಾಳ. ಮುಖ ಕೆಂಪೇರಿತು.

"ಜ್ವರ ಅವಳಿಗಲ್ಲ ಸ್ವಾಮಿ, ನಿಮಗೆ ಬರ್ಬೇಕು, ನಾಚಿಕೆ ಅನ್ನೋದು ಇದ್ದಿದ್ರೆ," ಎಂದವನೇ ಹೊತ್ತು ತಂದ ಪ್ರತಿಗಳ ಕಟ್ಟು ಬಿಚ್ಚಿ, ಒಂದೊಂದೇ ಮುಖಪುಟವನ್ನು ಪರಪರನೆ ಹರಿದು ಜಮಖಾನೆಯ ಮೇಲೆಸೆದ.

ಅದರಿಂದ ನ್ಯಾಯವೇನೂ ಸಿಗಲಿಲ್ಲ. ತಿಂಗಳೊಳಗೆ ಇನ್ನೊಬ್ಬ ರಟ್ಟು ಕಟ್ಟಿಕೊಟ್ಟ. ಕೃತಿ ಕೆಟ್ಲರ್ ಹೆಸರಲ್ಲೇ ಊರೂರು ಸುತ್ತಿತು. ರಿಸ್ಟ್‌ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಬೇರೆಡೆಗೆ ಹೋದರು. ವಾಲ್ಬುರ್ಗಾ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಮತ್ತೆ ಮೂವತ್ತು ಕೃತಿ ಬರೆದಳು, ಒಂದನ್ನೂ ಯಾರ ಕೈಗೂ ಕೊಡಲಿಲ್ಲ.

ಹನ್ನೊಂದು ವರ್ಷದ ನಂತರ ಕೆಟ್ಲರ್ ತೀರಿಕೊಂಡರು. ಶವಯಾತ್ರೆಯಲ್ಲಿ ವಾದ್ಯದವರು ಅದೇ ಕೃತಿಯನ್ನು ಊದುತ್ತ ಬಂದರು. ಜನ ಟೋಪಿ ತೆಗೆದು ತಲೆಬಾಗಿ ನಿಂತಿದ್ದರು. ವಾಲ್ಬುರ್ಗಾ ಬೀದಿಯ ನಟ್ಟನಡುವೆ ಬಂದು, ಗಂಟಲು ಹರಿಯುವಂತೆ ಕೂಗಿದಳು:

"ಅದು ನಂದು!"