ಸ್ಟುಡಿಯೋದವರ ಕೋಟು

ಅಮೆರಿಕದ ಡಬ್ಲಿನ್‌ನಲ್ಲಿ ನಮ್ಮ ಎದುರುಮನೆಯ ನಾಗರಾಜು ಅವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಯಾವ ಗ್ರೋಸರಿಗೆ ಅವರೆಕಾಯಿ ಬಂದಿದೆ, ಯಾವ ಹೊತ್ತಿನಲ್ಲಿ ಯಾವ ಫ್ರೀವೇ ಖಾಲಿ ಇರುತ್ತದೆ, ಹೈಸ್ಕೂಲಿನಲ್ಲಿ ಯಾವ ಟೀಚರು ಮಾರ್ಕ್ಸ್ ಕೊಡುವುದರಲ್ಲಿ ಜಿಪುಣರು, ಎಲ್ಲಕ್ಕೂ ಅವರ ಬಳಿ ಉತ್ತರವುಂಟು. ಉತ್ತರ ಸರಿಯಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಅವರದು ಸಾಫ್ಟ್‌ವೇರ್ ಟೆಸ್ಟಿಂಗಿನ ಕೆಲಸ; ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದವರಿಗೆ, ತಾವೂ ತಪ್ಪಬಹುದು ಎಂಬ ಅನುಮಾನ ಹೊರಟೇಹೋಗುತ್ತದೆ.

ಕಳೆದ ಆಗಸ್ಟಿನಲ್ಲಿ ಅವರ ಮಗಳು ಲಾಸ್ಯಾ ಹನ್ನೆರಡನೇ ಕ್ಲಾಸಿಗೆ ಬಂದಳು. ಹೈಸ್ಕೂಲಿನ ಆ ಕೊನೆಯ ವರ್ಷದ ಮಕ್ಕಳನ್ನು ಇಲ್ಲಿ ಸೀನಿಯರ್ ಎನ್ನುತ್ತಾರೆ. ಅವರೆಲ್ಲ ಶಾಲೆ ಗೊತ್ತುಮಾಡಿದ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳಬೇಕು. ಅದು ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅಚ್ಚಾಗುತ್ತದೆ, ಅಜ್ಜಿಯರ ಮನೆಯ ಗೋಡೆ ಸೇರುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ನಾಗರಾಜು ಮದ್ದೂರಿನ ಕಡೆಯವರು. ಅರ್ಜಿ ಎಂದರೆ ಮೂಲೆಯಲ್ಲೊಂದು ಫೋಟೋ, ಆ ಫೋಟೋದ ಮುಖದ ಮೇಲೆ ಗೆಜೆಟೆಡ್ ಅಧಿಕಾರಿಯ ಸೀಲು, ಇದನ್ನೇ ನೋಡಿ ಬೆಳೆದವರು. ಕಾಲೇಜಿಗೆ ಅರ್ಜಿ ಹಾಕುವ ವರ್ಷವೇ ಶಾಲೆ ಫೋಟೋ ತೆಗೆಸಿ ಅನ್ನುತ್ತಿದೆ, ಅಂದಮೇಲೆ ಅದು ಹೋಗುವುದು ಕಾಲೇಜಿಗೇ ಎಂದು ತೀರ್ಮಾನಿಸಿಬಿಟ್ಟರು. ಹೆಂಡತಿ ಆರತಿ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸುಮ್ ಸುಮ್ನೆ ಯಾರಾದ್ರೂ ಇಷ್ಟು ದೊಡ್ಡದಾಗಿ ಫೋಟೋ ತೆಗೆಸ್ತಾರಾ ಶಿವಪ್ರಸಾದ್? ಇವ್ರು ಬಾಯ್ಬಿಟ್ಟು ಹೇಳಲ್ಲ, ನಾವೇ ಅರ್ಥ ಮಾಡ್ಕೋಬೇಕು" ಎಂದು ನನಗೆ ಪಾಠ ಹೇಳಿದರು.

ಸ್ಟುಡಿಯೋದವರು ಕಳಿಸಿದ ಇಮೇಲಿನಲ್ಲಿ, ನಿಮಗೆ ಇಷ್ಟವಾದ ವಸ್ತುವೊಂದನ್ನು ಹಿಡಿದುಕೊಂಡು ಒಂದು ಫೋಟೋ ತೆಗೆಸಿಕೊಳ್ಳಬಹುದು ಎಂಬ ಸಾಲಿತ್ತು. ಇವರಿಗೆ ಅಷ್ಟೇ ಸಾಕಾಯಿತು. ಗ್ಯಾರೇಜಿನಿಂದ ಒಂದೊಂದೇ ಹೊರಗೆ ಬಂದವು: ಟೆನ್ನಿಸ್ ರಾಕೆಟ್ಟು, ಚೆಸ್ ಸ್ಪರ್ಧೆಯಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟ ಕಪ್ಪು, ಒಂದೇ ವರ್ಷ ಕಟ್ಟಿದ ಗೆಜ್ಜೆ, ಬಡವರಿಗೆ ಊಟ ಬಡಿಸಿದ ಶನಿವಾರದ ಏಪ್ರನ್ನು. ಲಾಸ್ಯಾ ವಾರಾಂತ್ಯದಲ್ಲಿ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಖುಷಿಯಿಂದ ಮಾಡುತ್ತಿದ್ದ ಕೆಲಸ ಅದೊಂದೇ. ಅದನ್ನು ನಾಗರಾಜು ನಮ್ಮ ಕನ್ನಡದವರ ನಡುವೆ "ಫುಡ್ ಸೈನ್ಸ್ ಇಂಟರ್ನ್‌ಶಿಪ್ಪು" ಎಂದೇ ಹೇಳುತ್ತ ಬಂದಿದ್ದರು. ಪುಣ್ಯಕ್ಕೆ ಐಸ್‌ಕ್ರೀಮಿನ ಡಬ್ಬ ಗ್ಯಾರೇಜಿನಲ್ಲಿರಲಿಲ್ಲ.

ಕೊನೆಗೆ ಬಂದದ್ದು ಪಿಟೀಲು. ಲಾಸ್ಯಾ ಒಂಬತ್ತನೇ ಕ್ಲಾಸಿನಲ್ಲೇ ಅದನ್ನು ಬಿಟ್ಟಿದ್ದಳು. ಶಾಲೆಯ ಸಮಾರಂಭದಲ್ಲಿ ನುಡಿಸಲು ಹೋಗಿ, ನಡುವೆ ಎಲ್ಲ ಮರೆತು, ವೇದಿಕೆಯಿಂದ ಅಳುತ್ತ ಇಳಿದಿದ್ದಳು. ಅದನ್ನು ಕಣ್ಣಾರೆ ಕಂಡ ಸಹಪಾಠಿಗಳೇ ಈಗ ಆ ಪುಸ್ತಕ ತೆರೆದು ನೋಡುವವರು. ಹುಡುಗಿ ಬೇರೆಲ್ಲಕ್ಕೂ ಒಪ್ಪಿಕೊಂಡಳು. ಕೇಳಿದ್ದು ಒಂದೇ ಒಂದು.

"ಅಪ್ಪಾ, ವಯೊಲಿನ್ ಬೇಡ. ಪ್ಲೀಸ್. ಎವ್ರಿಬಡಿ ನೋಸ್ ನಂಗೆ ಬರಲ್ಲ ಅಂತ."

"ಬಿಟ್ಟಿದೀಯ ಅಷ್ಟೇ, ಬರಲ್ಲ ಅಂತ ಯಾಕ್ ಅಂತೀಯ? ನಿನ್ ವಯಸ್ಸಲ್ಲಿ ನಾನು ಹೆಂಗಿದ್ದೆ ನೋಡು!"

ಹಾಗೆಂದು ಅವರು ಕೈತೋರಿಸಿದ್ದು ಹಾಲಿನ ಗೋಡೆಯ ಕಡೆಗೆ. ಪಿಯುಸಿ ಓದುವಾಗ ಮದ್ದೂರಿನ ಸ್ಟುಡಿಯೋದಲ್ಲಿ ತೆಗೆಸಿದ ಎದೆಮಟ್ಟದ ಫೋಟೋ ಅಲ್ಲಿದೆ. ಕರಿ ಕೋಟು, ಟೈ, ಎಣ್ಣೆ ಹಚ್ಚಿ ಬಾಚಿದ ತಲೆ. ಮಗಳು ಸೋಫಾ ಮೇಲೆ ಫೋನು ಹಿಡಿದು ಬಿದ್ದುಕೊಂಡಾಗಲೆಲ್ಲ ಅದೇ ಫೋಟೋ, ಅದೇ ಮಾತು. ಅಪ್ಪ ಹುಟ್ಟುವಾಗಲೇ ಕೋಟು ಹಾಕಿಕೊಂಡು ಹುಟ್ಟಿದರು ಎಂದೇ ಆ ಮಗು ನಂಬಿಕೊಂಡಿತ್ತು. ನನಗಂತೂ ಆ ಫೋಟೋ ಕಂಡರೆ ಮೈ ಉರಿಯುತ್ತಿತ್ತು.

ಸಾಮಾನು ಹಿಡಿಸುವಷ್ಟು ದೊಡ್ಡ ವ್ಯಾನು ಇದ್ದದ್ದು ನನ್ನದು. ಹೀಗಾಗಿ ಆ ಶನಿವಾರ ನಾನೇ ಸಾರಥಿಯಾದೆ. ಆರತಿಗೆ ಆಫೀಸಿನ ಕೆಲಸವಿತ್ತು. ಊರಿನಿಂದ ಬಂದಿದ್ದ ನಾಗರಾಜು ಅವರ ತಾಯಿ ಗೌರಮ್ಮ, ಮೊಮ್ಮಗಳ ಫೋಟೋ ತಾವೂ ನೋಡಬೇಕೆಂದು ಸೀರೆ ಉಟ್ಟು, ಸ್ವೆಟರ್ ಹಾಕಿ, ಹೊರಡುವ ಮೊದಲೇ ವ್ಯಾನು ಹತ್ತಿ ಕೂತಿದ್ದರು. ಸ್ಟುಡಿಯೋ ಇದ್ದದ್ದು ವಾಲ್ನಟ್ ಕ್ರೀಕಿನಲ್ಲಿ. ಡ್ಯಾನ್‌ವಿಲ್ ದಾಟುವವರೆಗೂ ಹಿಂದೆ ಕಪ್ಪು, ಗೆಜ್ಜೆ ಗಲಗಲ ಅನ್ನುತ್ತಲೇ ಇದ್ದವು. ಲಾಸ್ಯಾ ಕಿವಿಗೆ ಇಯರ್‌ಬಡ್ ಹಾಕಿಕೊಂಡು ಒಣಗಿದ ಗುಡ್ಡಗಳನ್ನೇ ನೋಡುತ್ತಿದ್ದಳು. ಮುಂದಿನ ಸೀಟಿನಲ್ಲಿ ನಾಗರಾಜು ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಠಮಾಡುವ ಕೂಸಿನ ಹಾಗೆ ತಬ್ಬಿಕೊಂಡಿದ್ದರು.

ಸ್ಟುಡಿಯೋದ ಹುಡುಗಿ ನಮ್ಮ ಮೆರವಣಿಗೆಯನ್ನು ಕಂಡು ಒಂದು ಕ್ಷಣ ಬೆಪ್ಪಾದಳು. ಆಮೇಲೆ ಬಹಳ ಮರ್ಯಾದೆಯಿಂದ ವಿವರಿಸಿದಳು. ಪುಸ್ತಕಕ್ಕೆ ಎಲ್ಲರದೂ ಒಂದೇ ಬಗೆಯ ಫೋಟೋ. ಹುಡುಗಿಯರಿಗೆ ಹೆಗಲ ಮೇಲೆ ಹೊದೆಸುವ ಕರಿ ವೆಲ್ವೆಟ್ ಬಟ್ಟೆ, ಹುಡುಗರಿಗೆ ಕರಿ ಕೋಟು. ಎರಡನ್ನೂ ಸ್ಟುಡಿಯೋದವರೇ ಕೊಡುತ್ತಾರೆ. ವಸ್ತು ಹಿಡಿದುಕೊಳ್ಳುವ ಫೋಟೋ ಬೇಕಿದ್ದರೆ ಬೇರೆ, ಅದರಲ್ಲೂ ಒಂದೇ ವಸ್ತು.

"ಕಾಲೇಜಿಗೆ ಯಾವ್ದು ಕಳಿಸ್ತೀರಿ?" ಎಂದು ನಾಗರಾಜು ಇಂಗ್ಲಿಷಿನಲ್ಲಿ ಕೇಳಿದರು.

ಆ ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಾಗ ಅರ್ಥವಾಯಿತು. ಕಾಲೇಜಿಗೆ ಯಾವುದೂ ಹೋಗುವುದಿಲ್ಲ, ಯಾವತ್ತೂ ಹೋಗಿಲ್ಲ ಎಂದಳು. ನಾಗರಾಜು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಬೇರೆಯವರಾಗಿದ್ದರೆ ಅಲ್ಲಿಗೆ ಸಾಮಾನು ಕಟ್ಟುತ್ತಿದ್ದರು. ಇವರು ಗಂಟಲು ಸರಿಮಾಡಿಕೊಂಡು, "ಸರಿ, ಹೋಗದಿದ್ರೆ ಬೇಡ. ಒಂದು ವಸ್ತು ಅಂದ್ರಲ್ಲ, ವಯೊಲಿನ್ ಇರ್ಲಿ. ನೋಡೋರು ಏನಾದ್ರೂ ಅನ್ಕೋಬೇಕಲ್ಲ" ಎಂದು ಪೆಟ್ಟಿಗೆ ಬಿಚ್ಚಿದರು. ಲಾಸ್ಯಾಳ ಕಣ್ಣು ತುಂಬಿತು. ನನಗೆ ಅವರನ್ನು ಅಲ್ಲೇ ಬಿಟ್ಟು ವ್ಯಾನು ಓಡಿಸಿಕೊಂಡು ಬರಬೇಕು ಅನ್ನಿಸಿತು.

ಅಷ್ಟರಲ್ಲಿ ಒಳಗೆ ಫೋಟೋ ಮುಗಿಸಿದ ಹುಡುಗನೊಬ್ಬ ಕರಿ ಕೋಟಿನಲ್ಲಿ ನಮ್ಮೆದುರೇ ಹಾದುಹೋದ. ಮುಂದಿನಿಂದ ಮದುವೆಗಂಡಿನ ಹಾಗಿದ್ದ. ಹಿಂದಿನಿಂದ ನೋಡಿದರೆ ಕೋಟಿಗೆ ಬೆನ್ನೇ ಇಲ್ಲ. ಕುತ್ತಿಗೆಯ ಬಳಿ ಒಂದು ಕ್ಲಿಪ್ಪು, ಕೆಳಗೆ ಮಾಸಲು ಚಡ್ಡಿ, ಹವಾಯಿ ಚಪ್ಪಲಿ. ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ.

"ಅಯ್ಯೋ ನಾಗ! ನಿನ್ ಕೋಟು ಇಲ್ಲಿಗೂ ಬಂದದಲ್ಲೋ!"

"ಅವ್ವ, ಸುಮ್ಕಿರು."

"ಯಾಕ್ಲಾ ಸುಮ್ಕಿರ್ಲಿ? ಮದ್ದೂರ್ ಸ್ಟುಡಿಯೋದೋನು ಗೂಟಕ್ಕೆ ನೇತಾಕಿದ್ದ ಕೋಟು ಇವನಿಗೆ ಹಾಕ್ದ ಕನವ್ವ. ಆನೆ ಹೊಕ್ಕೋವಷ್ಟು ದೊಡ್ದು. ಬೆನ್ನಿಗೆಲ್ಲ ಪಿನ್ನು ಚುಚ್ಚಿ ಬಿಗಿ ಮಾಡಿದ್ರು. ಕೆಳಗೆ ಉಟ್ಟಿದ್ದು ಅವರಪ್ಪನ ಪಂಚೆ, ಕಾಲ್ನಲ್ಲಿ ಮೆಟ್ಟೂ ಇರ್ನಿಲ್ಲ!"

ಲಾಸ್ಯಾ ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು. ಅವಳ ಕನ್ನಡ ಅರೆಬರೆ. ಆದರೆ ಅಜ್ಜಿಯ ಮಾತಿನಲ್ಲಿ ಒಂದಕ್ಷರವೂ ತಪ್ಪಿಹೋಗಿರಲಿಲ್ಲ.

"ಆ ಕೋಟು ನಿಮ್ದಲ್ವಾ?"

ನಾಗರಾಜು ಪಿಟೀಲಿನ ಕಮಾನನ್ನು ತಿರುಗಿಸಿ ತಿರುಗಿಸಿ ನೋಡಿದರು. ತಪ್ಪು ಸಿಕ್ಕಿದ್ದು ಈ ಸಲ ಬೇರೆಯವರದಲ್ಲ. "ಅಲ್ಲ" ಎಂದರು. "ಟೈನೂ ಅಲ್ಲ."

"ದೆನ್ ಇದೂ ನಂದಲ್ಲ ಅಪ್ಪಾ" ಎಂದು ಲಾಸ್ಯಾ ಮೆಲ್ಲಗೆ ಅವರ ಕೈಯಲ್ಲಿದ್ದ ಪಿಟೀಲು ಮುಟ್ಟಿ ತೋರಿಸಿ, ಬರಿಗೈಯಲ್ಲಿ ಒಳಗೆ ಹೋದಳು.

ಎರಡನೆಯ ಫೋಟೋವನ್ನೂ ಅವಳು ಹಾಗೇ ತೆಗೆಸಿಕೊಂಡಳು. ಎದುರುಗಡೆ ಅಪ್ಪ ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಕಮಾನು ಹಿಡಿದು, ಎಲ್ಲಿಡಬೇಕೆಂದು ತೋಚದೆ ನಿಂತಿದ್ದರು. ಅವರನ್ನು ಕಂಡು ಹುಡುಗಿಗೆ ನಗು ಉಕ್ಕಿಬಂತು. ಅದೇ ಗಳಿಗೆಗೆ ಕ್ಯಾಮೆರಾ ಕ್ಲಿಕ್ಕಾಯಿತು.

ವಾಪಸು ಬರುವಾಗ ನಾಗರಾಜು ಫ್ರೀವೇ ಬಗ್ಗೆ ಸಲಹೆ ಕೊಡಲಿಲ್ಲ. ಇಂಥದ್ದು ಇದೇ ಮೊದಲು. ಡ್ಯಾನ್‌ವಿಲ್ ಬಳಿ ಲಾಸ್ಯಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು.

"ಅಪ್ಪಾ, ಫುಲ್ ಫೋಟೋ ಯಾಕೆ ತೆಗೆಸ್ಲಿಲ್ಲ? ವಿತ್ ದ ಪಂಚೆ?"

"ಯಾರಿಗ್ ಬೇಕಿತ್ತು ಅದು?"

"ನಂಗೆ ಬೇಕಿತ್ತು."

ನಾಗರಾಜು ಕಿಟಕಿಯ ಕಡೆ ಮುಖ ಮಾಡಿದರು. ಇಷ್ಟು ವರ್ಷ ಗೋಡೆಯ ಮೇಲಿನ ಆ ಕೋಟು ಕಂಡರೆ ಉರಿದುಬೀಳುತ್ತಿದ್ದ ನನಗೆ ಅವರ ಮೇಲೆ ಒಮ್ಮೆಲೇ ಮರುಕ ಬಂತು. ಅವರು ತಿರುಗದೆಯೇ ಕೇಳಿದರು: "ಅವ್ವ, ಅವತ್ತು ನಾವು ಮದ್ದೂರಿಗೆ ನಡ್ಕೊಂಡೇ ಹೋಗಿದ್ದು ಅಲ್ವಾ?"

"ಊ ಕನಪ್ಪ. ನಡ್ಕಂಡೇ. ಪಂಚೆಗೆ ಕೆಸರಾಯ್ತದೆ ಅಂತ ಮಂಡಿಗಂಟ ಎತ್ತಿ ಕಟ್ಟಿದ್ದೆ ನೀನು."

ಲಾಸ್ಯಾ ಇಯರ್‌ಬಡ್ ತೆಗೆದು ಜೇಬಿಗೆ ಹಾಕಿಕೊಂಡು, "ಆಮೇಲೆ?" ಎಂದಳು.