ಕಲ್ಲುದೋಣಿಯಲ್ಲಿ ಮುಳುಗಿದ ಯುದ್ಧನೌಕೆ

ಯಾದಗಿರಿಯ ನಮ್ಮ ಓಣಿಯಲ್ಲಿ ಹೋದ ವಾರ ಒಂದು ಹಳೆಯ ಮನೆ ಕೆಡವಿದರು. ಅದರ ಅಂಗಳದಲ್ಲಿದ್ದ, ದನಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿಯನ್ನು ತಂದು ರಸ್ತೆಯ ಬದಿಗೆ ಇಟ್ಟಿದ್ದಾರೆ. ಯಾರೋ ಆಗಲೇ ಅದರಲ್ಲಿ ಮಣ್ಣು ತುಂಬಿ ಚೆಂಡುಹೂವಿನ ಸಸಿ ನೆಟ್ಟಿದ್ದರು. ಸೊಸೆಯ ಜೊತೆ ಸಂತೆಯಿಂದ ಬರುತ್ತಿದ್ದ ನಾನು ಅದರ ಮುಂದೆ ನಿಂತುಬಿಟ್ಟೆ.

“ಯಾಕ್ರಿ ಅತ್ತಿ, ಕಾಲು ನೋಯಾಕತ್ತಾವೇನು?” ಎಂದಳು ಸೊಸೆ.

“ಇಲ್ಲವ್ವ. ಇಂಥಾದ್ರಾಗ ನಾವು ಒಂದು ಯುದ್ಧದ ಹಡಗ ಮುಣುಗಿಸಿದ್ವಿ.”

“ಆ ಕಥಿ ನನಗ ಬಾಯಿಪಾಠ ಆಗ್ಯದ್ರಿ. ನಡೀರಿ, ಬಿಸಲ ಬಾಳ ಅದ.”

ಅವಳದೂ ತಪ್ಪಿಲ್ಲ. ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಾಳೆ. ನೀವು ಕೇಳಿಲ್ಲವಲ್ಲ, ನಿಮಗೆ ಹೇಳುತ್ತೇನೆ.

ನನ್ನ ತವರು ಸುರಪುರ. ಶಹಾಪುರಕ್ಕೆ ಸೊಸೆಯಾಗಿ ಬಂದಾಗ ನಿಜಾಮಶಾಹಿ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಯ ಬೋರ್ಡುಗಳ ಮೇಲೆ ಉರ್ದು ಅಕ್ಷರಗಳ ಪಕ್ಕದಲ್ಲಿ ಕನ್ನಡ ಅಕ್ಷರಗಳು ಹೊಸ ಮದುಮಕ್ಕಳ ಹಾಗೆ ಸಂಕೋಚದಿಂದ ಬಂದು ಕೂತಿದ್ದವು. ಅತ್ತೆಯ ಮನೆಯವರದು ಬಜಾರದಲ್ಲಿ ಕಿರಾಣಿ ಅಂಗಡಿ. ಮನೆ ತುಂಬ ಮೆಣಸಿನಕಾಯಿ, ಬೆಲ್ಲ, ಚಹಾಪುಡಿಯ ಘಾಟು. ಬಂದ ಎರಡನೆಯ ದಿನವೋ ಮೂರನೆಯ ದಿನವೋ ಹಿಂದಿನ ಕೋಣೆ ಗುಡಿಸಲು ಹೋದೆ. ಅಲ್ಲಿ ಗೋಡೆಯ ಹಲಗೆಯ ಮೇಲೆ ಹಳೆಯ ಧೋತರ ಹೊದೆಸಿಟ್ಟ ಉದ್ದನೆಯ ವಸ್ತುವೊಂದು ಮಲಗಿತ್ತು. ಹೊಸ ಸೊಸೆಯ ಬುದ್ಧಿ ಎತ್ತ ಓಡುತ್ತದೆ ನಿಮಗೇ ಗೊತ್ತು. ಇಷ್ಟು ಬೇಗ ಇವರು ಅದನ್ನೂ ತಂದಿಟ್ಟಿದ್ದಾರಲ್ಲ ಎಂದು ನಾಚಿಕೊಂಡು, “ಅತ್ತಿ, ಅದು ತೊಟ್ಟಿಲೇನ್ರಿ?” ಎಂದು ಕೇಳಿದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ತೊಟ್ಟಿಲ ಎಲ್ಲಿದವ್ವ, ಅಕಿ ನಿನ ಸವತಿ. ಮುಂಬೈದಿಂದ ತಲ್ಯಾಗ ಕುಂದ್ರಿಸಿಕೊಂಡು ಬಂದಾನ ನಿನ ಗಂಡ.”

ಸಂಜೆ ನಮ್ಮವರೇ ಧೋತರ ಸರಿಸಿ ತೋರಿಸಿದರು. ಎರಡು ಅಡಿಗಿಂತ ಒಂದು ಚೂರು ಉದ್ದದ ಹಡಗು. ಇನ್ನೂ ಅರ್ಧಂಬರ್ಧ. ತೇಗದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒಳಗೆ ಕೊರೆದು, ಹೊರಗೆ ಮೀನಿನ ಹಾಗೆ ನುಣುಪಾಗಿ ಉಜ್ಜಿದ ಒಡಲು. ಚಹಾ ಪೆಟ್ಟಿಗೆಯ ತೆಳು ಹಲಗೆಯಿಂದ ಕತ್ತರಿಸಿದ ಕೋಣೆಗಳು. ಡಬ್ಬಿಯ ತಗಡು ಸುತ್ತಿದ ಹೊಗೆಕೊಳವೆ. ಅದುವರೆಗೆ ನನ್ನೊಂದಿಗೆ ನಾಲ್ಕು ಮಾತು ಆಡಲು ಎಂಟು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಮನುಷ್ಯ ಅಂದು ಉಸಿರು ಬಿಡದೆ ಮಾತಾಡಿದರು. ಮಹಾಯುದ್ಧದ ಕಾಲದಲ್ಲಿ ಅವರು ಮುಂಬೈಯಲ್ಲಿ, ಹಡಗುಗಳಿಗೆ ದಿನಸಿ ಪೂರೈಸುವ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದರಂತೆ. ಉಳ್ಳಾಗಡ್ಡಿ ಚೀಲ, ಬೇಳೆ ಚೀಲ ಎಣಿಸಿಕೊಡುವ ನೆಪದಲ್ಲಿ ಇದರ ಅಸಲು ಯುದ್ಧನೌಕೆಯನ್ನು ಎಷ್ಟೋ ಸಲ ಹತ್ತಿದ್ದರು. ಯುದ್ಧ ಮುಗಿದ ಮೇಲೆ ಫುಟ್‌ಪಾತಿನ ಹಳೆಯ ಪುಸ್ತಕದವನ ಹತ್ತಿರ ಇಂಥದೇ ಹಡಗಿನ ನಕ್ಷೆ ಇದ್ದ ವಿಲಾಯತಿ ಮಾಸಿಕದ ಹಾಳೆ ಸಿಕ್ಕಿತು. ಅಷ್ಟೇ ಸಾಕಾಯಿತು.

“ಹನ್ನೆರಡು ಅಡಿ ಅಂದ್ರ ಇಲ್ಲಿ ಒಂದು ಇಂಚು. ಎಲ್ಲಾ ಅದೇ ಲೆಕ್ಕ. ಒಂದು ಕೂದಲೆಳಿ ಆಕಡಿ ಈಕಡಿ ಆಗಂಗಿಲ್ಲ,” ಎಂದರು.

ನಾನು ಒಂದೇ ಪ್ರಶ್ನೆ ಕೇಳಿದೆ. “ಹಂಗಾದ್ರ ಇದರಾಗ ಮನುಷ್ಯಾ ಎಷ್ಟ ಎತ್ತರ ಇರ್ತಾನ್ರಿ?”

ಅವರು ಯೋಚಿಸಿ, ಎದ್ದು ಹೋಗಿ, ಅಂಗಡಿಯ ಡಬ್ಬಿಯಿಂದ ಒಂದು ಲವಂಗ ತಂದು ಹಡಗಿನ ಮೇಲೆ ನಿಲ್ಲಿಸಿದರು. “ಇಷ್ಟು.”

ಅಯ್ಯೋ, ಆ ಲವಂಗ ನಿಂತ ಕ್ಷಣ ನೀವು ನೋಡಬೇಕಿತ್ತು! ಅದಕ್ಕೆ ತಲೆಯಿತ್ತು, ಕುತ್ತಿಗೆಯಿತ್ತು, ನೆಟ್ಟಗೆ ನಿಂತ ಠೀವಿಯಿತ್ತು. ಅದರ ಪಕ್ಕದಲ್ಲಿ ಕಟ್ಟಿಗೆಯ ತುಂಡು ತಟ್ಟನೆ ದೊಡ್ಡ ಹಡಗಾಯಿತು. ಹೊಗೆಕೊಳವೆ ನಮ್ಮೂರ ಅಗಸಿಬಾಗಿಲಿಗಿಂತ ಎತ್ತರವಾಯಿತು. ನಾನು ಲವಂಗವನ್ನು ಬೆರಳಿನಲ್ಲಿ ಹಿಡಿದು ಹಡಗಿನ ತುಂಬ ತಿರುಗಾಡಿಸಿದೆ. ಮೆಟ್ಟಿಲು ಹತ್ತಿಸಿದೆ. ಒಂದು ಬಾಗಿಲ ಮುಂದೆ ನಿಲ್ಲಿಸಿ, “ಇಂವ ಇದರಾಗ ಹ್ಯಾಂಗ ಹಾಯ್ತಾನ್ರಿ? ತಲಿ ಬಡೀತದ,” ಎಂದೆ.

ಅವರು ಬಗ್ಗಿ ನೋಡಿದರು. ಅಡಿಪಟ್ಟಿ ಇಟ್ಟು ಅಳೆದರು. ಮುಖ ಅರಳಿತು. “ಹೌದಲ್ಲ! ಬಾಗಲಾ ಸಣ್ಣ ಆಗ್ಯದ!” ಎಂದು ಕೂಗಿದ ಕೂಗಿಗೆ ಅತ್ತೆ ಅಡುಗೆಮನೆಯಿಂದ ಓಡಿಬಂದರು. ತಪ್ಪು ಸಿಕ್ಕಿತೆಂದು ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ಮತ್ತೆ ಕಂಡಿಲ್ಲ. ನಮ್ಮ ಸಂಸಾರ ಶುರುವಾದದ್ದು ಅವತ್ತು ಎಂದೇ ನನ್ನ ಲೆಕ್ಕ. ಅಕ್ಷತೆ ಬಿದ್ದ ದಿನವನ್ನು ಹಿರಿಯರ ಲೆಕ್ಕಕ್ಕೆ ಬಿಟ್ಟಿದ್ದೇನೆ.

ಆಮೇಲೆ ಸವತಿಯ ಸೇವೆಯೇ ನನ್ನ ಮಧ್ಯಾಹ್ನದ ಕೆಲಸವಾಯಿತು. ತವರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ದೇವರ ಪಟಗಳಿಗೆ ಬಂಗಾರದ ರೇಕು ಹಚ್ಚುವ ಚಿತ್ರಗಾರರಿದ್ದರು. ಅವರ ಮಗಳು ನನ್ನ ಗೆಳತಿಯಾಗಿದ್ದರಿಂದ ಅಳಿಲಿನ ಕೂದಲಿನ ಕುಂಚ ಹಿಡಿಯುವುದು ನನಗೆ ಬರುತ್ತಿತ್ತು. ಬಿಳಿ ಬಣ್ಣಕ್ಕೆ ದೀಪದ ಮಸಿ ಬೆರೆಸಿ, ಒಂದು ಚಿಟಿಕೆ ನೀಲಿ ಹಾಕಿ, ಮಳೆಗಾಲದ ಮೋಡದ ಬಣ್ಣ ಮಾಡಿದೆ. “ಇನ್ನಷ್ಟು ತಿಳೀ ಬೇಕು... ಅಲ್ಲ, ಇದು ಬಾಳ ತಿಳಿ ಆತು,” ಎಂದು ಅವರು ಪೀಡಿಸಿ ಪೀಡಿಸಿ ನನ್ನ ಕೈಯಿಂದ ಎಷ್ಟು ಸಲ ಬಣ್ಣ ಕಲೆಸಿಸಿದರೋ! ಹಡಗಿನ ಕಂಬಕ್ಕೆ ಕಟ್ಟುವ ತಂತಿಗೆ ಹೊಲಿಗೆಯ ದಾರ ತಂದರೆ, ಈ ಲೆಕ್ಕದಲ್ಲಿ ಅದು ಮುಂಗೈಯಷ್ಟು ದಪ್ಪವಾಗುತ್ತದೆ ಎಂದು ತಲೆಯ ಮೇಲೆ ಕೈಹೊತ್ತು ಕೂತರು. ನಾನು ನನ್ನ ಜಡೆಯಿಂದ ಒಂದು ಕೂದಲು ಕಿತ್ತು ಕೊಟ್ಟೆ. ಅದು ಬರೋಬ್ಬರಿ ಬಂತು. ಅಂದಿನಿಂದ ಆ ಹಡಗು ಸವತಿಯಾಗಿ ಉಳಿಯಲಿಲ್ಲ, ನನ್ನ ಕೂದಲು ಮುಡಿದ ಮೇಲೆ ಇನ್ನೆಲ್ಲಿಯ ಸವತಿ?

ತೋಪುಗಳನ್ನು ಮಾತ್ರ ಹೊರಗೆ ಮಾಡಿಸಬೇಕಾಯಿತು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಹಿತ್ತಾಳೆಯ ನಳಿಗೆಗಳು, ಮೂರು ಜೋಡಿ. ಬಜಾರದ ಪತ್ತಾರರು ಚಿನ್ನದ ಕೆಲಸ ಬದಿಗಿಟ್ಟು ಅವನ್ನು ಮಾಡಿಕೊಟ್ಟರು. ಹೆಮ್ಮೆ ತಡೆಯದೆ, “ಕಿರಾಣಿ ಅಂಗಡಿಯವರಿಗೆ ತೋಪು ಮಾಡಿಕೊಟ್ಟೀನಿ,” ಎಂದು ಚಹಾದ ಹೋಟೆಲಿನಲ್ಲಿ ಹೇಳಿಯೂ ಬಿಟ್ಟರು. ಆಗಿನ ದಿನಗಳು ಎಂಥವು! ನಿಜಾಮಶಾಹಿಯ ಕೊನೆಯ ಗಲಭೆಯಲ್ಲಿ ಬಚ್ಚಿಟ್ಟ ಹತಿಯಾರಗಳನ್ನು ಪೊಲೀಸರು ಊರೂರಿನಲ್ಲಿ ಹುಡುಕುತ್ತಿದ್ದ ಕಾಲ. ಸುದ್ದಿ ಹೋಟೆಲಿನಿಂದ ಪೊಲೀಸ್ ಚಾವಡಿ ಮುಟ್ಟುವಷ್ಟರಲ್ಲಿ ನಮ್ಮ ತೋಪುಗಳು ಬೆಳೆದು ಎತ್ತಿನಗಾಡಿ ಹೇರುವಷ್ಟಾಗಿದ್ದವು.

ಒಂದು ಬೆಳಿಗ್ಗೆ ಪೊಲೀಸರು ಬಂದರು. ಹೊಸ ಸರ್ಕಾರ ಹೊರಗಿನಿಂದ ತಂದಿದ್ದ ಅಧಿಕಾರಿ, ಮಂಗಳೂರು ಕಡೆಯವರು. ಮನೆಯ ಮುಂದೆ ಜನ ಸೇರಿತು. ಮಾವನವರು ಕೈಯಲ್ಲಿದ್ದ ತಕ್ಕಡಿಯನ್ನೂ ಇಡದೆ ಅಂಗಡಿಯಿಂದ ಓಡಿಬಂದರು.

“ನಿಮ್ಮ ಮನೆಯಲ್ಲಿ ತೋಪು ಉಂಟಂತೆ, ಹೌದಾ?” ಎಂದರು ಅಧಿಕಾರಿ.

ನಮ್ಮವರಿಗೆ ಸುಳ್ಳು ಹೇಳಿ ಗೊತ್ತಿಲ್ಲ. “ಅದಾವ್ರಿ ಸಾಹೇಬ್ರ. ಮೂರು ಜೋಡಿ,” ಎಂದರು.

ಅಧಿಕಾರಿ ಒಳಗೆ ಬಂದರು. ಹಿಂದಿನ ಕೋಣೆಯಲ್ಲಿ ಧೋತರ ಸರಿಯಿತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರು ಟೋಪಿ ತೆಗೆದರು. ನೆಲಕ್ಕೆ ಮೊಣಕಾಲೂರಿ ಹಡಗಿನ ಮಟ್ಟಕ್ಕೆ ಕಣ್ಣು ತಂದರು.

“ಇದನ್ನು ನೀರಿಗೆ ಇಳಿಸಿದ್ದೀರಾ?”

“ಇಲ್ರಿ. ಅಳತಿ ಮಾತ್ರ ಬರೋಬ್ಬರಿ ಅದ.”

“ಅಳತೆ ಸರಿ ಉಂಟು ಮಾರಾಯ್ರೆ. ಆದರೆ ಇದು ಮಗುಚುತ್ತದೆ. ಮೇಲೆ ಭಾರ ಹೆಚ್ಚಾಯಿತು, ಕೆಳಗೆ ಏನೂ ಇಲ್ಲ. ನಮ್ಮ ತಂದೆಗೆ ಮಂಜಿ ಇತ್ತು, ಸರಕು ಸಾಗಿಸುವ ದೋಣಿ. ನಾನು ಹುಟ್ಟಿದ್ದೇ ಕಡಲ ಬದಿಯಲ್ಲಿ.” ಆಮೇಲೆ ನಕ್ಕು, “ಆಟಿಕೆ ಎಂದು ಬರೆದುಕೊಂಡು ಹೋಗುತ್ತೇನೆ, ಹೆದರಬೇಡಿ,” ಎಂದರು.

“ಆಟಿಗಿ ಅಲ್ರಿ ಸಾಹೇಬ್ರ,” ಎಂದರು ನಮ್ಮವರು. ಬಾಗಿಲ ಹಿಂದೆ ನಾನು ಹಣೆ ಚಚ್ಚಿಕೊಂಡೆ.

“ಹಾಗಾದರೆ ತೇಲಿಸಿ ತೋರಿಸಿ. ನಾನೂ ಬರುತ್ತೇನೆ,” ಎಂದು ಅವರು ಹೊರಟುಹೋದರು.

ಜನ ಕರಗಿದ ಮೇಲೆ ಮಾವನವರ ಸಿಟ್ಟು ಹೊತ್ತಿತು. “ನನ್ನ ಅಜ್ಜನ ಕಾಲದಿಂದ ಈ ಹೊಸ್ತಲಾ ಪೊಲೀಸರು ತುಳಿದಿದ್ದಿಲ್ಲ. ಒಲಿಗೆ ಹಾಕು ಅದನ್ನ!”

ನಮ್ಮವರು ತಲೆ ತಗ್ಗಿಸಿ ನಿಂತರು. ಅದುವರೆಗೆ ಮಾವನವರ ಎದುರು ನಾನು ಬಾಯಿ ತೆರೆದವಳಲ್ಲ. ಅವತ್ತು ಯಾವ ಧೈರ್ಯ ಬಂತೋ, “ಮಾವಾರ, ಒಮ್ಮಿ ನೀರಾಗ ಬಿಟ್ಟು ನೋಡೋಣ್ರಿ,” ಎಂದೆ.

ಅವರು ನನ್ನ ಕಡೆ ತಿರುಗಿದರು. ಹೊಸ ಸೊಸೆಯನ್ನು ಬೈಯಲೂ ಆಗದೆ, ಬಿಡಲೂ ಆಗದೆ, “ಆತು. ಸೋಮವಾರ ಅಂಗಡಿ ಮುಚ್ಚಿರ್ತದ. ಕೆರ್‍ಯಾಗ ಬಿಡ್ರಿ. ನಿಂತ್ರ ಮನ್ಯಾಗ ಇರ್ಲಿ. ಮುಣುಗಿದ್ರ ಮುಣುಗಿದಲ್ಲೇ ಬಿಟ್ಟು ಬರ್ರಿ,” ಎಂದರು.

ಸೋಮವಾರಕ್ಕೆ ಮೊದಲು ಮನೆಯಲ್ಲೇ ಒಮ್ಮೆ ನೋಡಿಬಿಡೋಣವೆಂದು, ಹಿತ್ತಲಿನ ಎತ್ತುಗಳನ್ನು ಆಚೆ ಕಟ್ಟಿ, ಕಲ್ಲುದೋಣಿಗೆ ನೀರು ತುಂಬಿಸಿದೆವು. ನಮ್ಮವರು ಹಸುಗೂಸಿಗೆ ಎರೆಯುವವರ ಹಾಗೆ ಹಡಗನ್ನು ಎರಡೂ ಕೈಯಲ್ಲಿ ಇಳಿಸಿ, ಮೆಲ್ಲಗೆ ಕೈ ಬಿಟ್ಟರು. ಅದು ನಮ್ಮ ಮುಖ ನೋಡಿತು. ಬಲಕ್ಕೆ ವಾಲಿತು. ಗುಳುಕ್ ಎಂದು ಮಗುಚಿ, ಹೊಟ್ಟೆ ಮೇಲೆ ಮಾಡಿ, ಸಂದಿಗಳಲ್ಲಿ ನೀರು ತುಂಬಿಕೊಂಡು ಹಿತ್ತಾಳೆಯ ಭಾರಕ್ಕೆ ತಳಕ್ಕೆ ಹೋಯಿತು. ಎತ್ತುಗಳೆರಡೂ ಕುತ್ತಿಗೆ ಚಾಚಿ ನೋಡಿದವು.

ತಳಕ್ಕೆ ಸೀಸದ ಭಾರ ಬೇಕು ಎಂಬುದು ನಿಶ್ಚಯವಾಯಿತು. ಸೀಸ ಎಲ್ಲಿಂದ ತರುವುದು? ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕೇಳಿದೆವು. ವನದುರ್ಗದ ಕಡೆಯಿಂದ ಕುರಿ ಕಾಯುವ ಭೀಮವ್ವ ಎಂಬಾಕೆ ಉಪ್ಪು, ಎಲೆ ಒಯ್ಯಲು ಬರುತ್ತಿದ್ದಳು. “ಸೀಸ ಅಂದ್ರ ಆ ಗುಂಡೇನ್ರಿ? ಮಳಿ ಆದ ಮ್ಯಾಲ ನಮ್ಮ ಕ್ವಾಟಿ ಬುಡಕ್ಕ ಸಿಗ್ತಾವಲ್ಲ,” ಎಂದವಳು, ಮರುದಿನವೇ ಸೆರಗಿನ ಗಂಟು ಬಿಚ್ಚಿ ಒಂದು ಮುಷ್ಟಿ ಸುರಿದಳು. ಯಾವ ಕಾಲದ ಕಾಳಗದವೋ, ಕೋಟೆಯ ಗೋಡೆಗೆ ಬಡಿದು ಚಪ್ಪಟೆಯಾದ ಬಂದೂಕಿನ ಗುಂಡುಗಳು! ಆಟಿಕೆ ಎಂದು ಪೊಲೀಸರು ಬರೆದುಕೊಂಡು ಹೋದ ವಾರದಲ್ಲೇ ನಮ್ಮ ಮನೆಗೆ ನಿಜವಾದ ಗುಂಡು ಬಂದಿತ್ತು. ಅತ್ತೆ ಅವನ್ನು ಕಡಲೆಬೇಳೆಯ ಡಬ್ಬಿಯಲ್ಲಿ ಅಡಗಿಸಿದರು.

ಆದರೆ ಸೀಸವನ್ನು ಒಳಗಿಡಲು ಅಂಟಿಸಿದ ಅಟ್ಟ, ಅಂದರೆ ಹಡಗಿನ ಮೇಲಿನ ಹಾಸು, ಕೀಳಬೇಕು. ಹೊರಗೆ ಕಟ್ಟಿದರೆ ಹಡಗಿನ ಆಕಾರ ಕೆಡುತ್ತದೆ. ನಮ್ಮವರು ಉಳಿ ಹಿಡಿದು ಕೂತರು. ಕೈ ಏಳಲಿಲ್ಲ. ಮೂರು ವರ್ಷದ ಕೆಲಸ, ಒಂದು ಏಟು ತಪ್ಪಿದರೆ ಸೀಳಿ ಹೋಗುತ್ತದೆ. ನಾನು ಉಳಿ ಇಸಿದುಕೊಂಡೆ. ಬಿಸಿನೀರಿನ ಬಟ್ಟೆ ಇಟ್ಟು ಅಂಟು ಮೆತ್ತಗೆ ಮಾಡಿ, ಒಂದು ಬದಿಯಿಂದ ಬೆರಳಗಲ, ಬೆರಳಗಲ ಎಬ್ಬಿಸುತ್ತ ಹೋದೆ. ಅವರು ಕಣ್ಣು ಮುಚ್ಚಿಕೊಂಡು, “ಎದ್ದೀತೇನು? ಎದ್ದೀತೇನು?” ಎಂದು ಕೇಳುತ್ತಲೇ ಇದ್ದರು. ಕೊನೆಗೆ ಟಪ್ ಎಂದಿತು. ಇಬ್ಬರೂ ಬೆಚ್ಚಿದೆವು. ಅಟ್ಟ ಇಡಿಯಾಗಿ ನನ್ನ ಕೈಗೆ ಬಂದಿತ್ತು.

ಸೌಟಿನಲ್ಲಿ ಸೀಸ ಕರಗಿಸಿ, ಪಟ್ಟಿ ಎರೆದು, ಒಡಲ ತಳದಲ್ಲಿ ಕೂಡಿಸಿದೆವು. ಅಟ್ಟ ಮುಚ್ಚಿ, ಸಂದಿಗೆ ಮೇಣ ತುಂಬಿ, ಮತ್ತೆ ಬಣ್ಣ ಹಚ್ಚಿದ್ದು ಭಾನುವಾರ ಸಂಜೆ. ಕಲ್ಲುದೋಣಿಯಲ್ಲಿ ಇನ್ನೊಮ್ಮೆ ನೋಡಲು ಸಮಯವೂ ಉಳಿಯಲಿಲ್ಲ.

ಸೋಮವಾರ ಗುಡ್ಡದ ಬುಡದ ಕೆರೆಯ ದಂಡೆಗೆ ಊರೇ ಬಂದಿತ್ತು. ಪತ್ತಾರರು ಕೆಲಸದ ಬಟ್ಟೆಯಲ್ಲೇ ಮುಂದಿನ ಸಾಲಿನಲ್ಲಿದ್ದರು. ಅಧಿಕಾರಿ ಖಾಕಿ ಬಿಟ್ಟು ಪಂಚೆ ಉಟ್ಟು ಬಂದಿದ್ದರು. ನಾನು ಅತ್ತೆಯ ಬೆನ್ನ ಹಿಂದೆ.

ನಮ್ಮವರು ಕೈ ಬಿಟ್ಟರು. ಹಡಗು ಎಡಕ್ಕೆ ವಾಲಿತು. ಜನ “ಹೋ...” ಎಂದರು. ಆಮೇಲೆ ಯಾರೋ ತಲೆ ನೇವರಿಸಿ ಎಬ್ಬಿಸಿದ ಹಾಗೆ ಅದು ಮೆಲ್ಲಗೆ ಎದ್ದು, ನೆಟ್ಟಗೆ ನಿಂತಿತು! ಇಲ್ಲಿಯವರೆಗೆ ಮುಳುಗಬೇಕೆಂದು ನಕ್ಷೆ ನೋಡಿ ನಾನು ಎಳೆದಿದ್ದ ಕರಿಯ ಗೆರೆಗೆ ನೀರು ಬರೋಬ್ಬರಿ ತಾಗಿತ್ತು. ನಾನು ನಾಚಿಕೆ ಮರೆತು ಚಪ್ಪಾಳೆ ಹೊಡೆದುಬಿಟ್ಟೆ.

“ಸೀಸ ಎಲ್ಲಿ ಸಿಕ್ಕಿತು?” ಎಂದರು ಅಧಿಕಾರಿ.

“ಹಳೀ ಬಂದೂಕಿನ ಗುಂಡರೀ,” ಎಂದರು ನಮ್ಮ ಸತ್ಯವಂತರು.

ಅಧಿಕಾರಿ ಆಕಾಶ ನೋಡಿದರು. “ಈ ಗಾಳಿಗೆ ಕಿವಿಯೇ ಕೇಳಿಸುವುದಿಲ್ಲ ನೋಡಿ.”

ಗಾಳಿ ನಿಜವಾಗಿಯೂ ಎದ್ದಿತ್ತು. ನಾವು ಮೈಮರೆತಾಗ ಹಡಗು ದಂಡೆ ಬಿಟ್ಟು ಕೆರೆಯ ನಡುವಿಗೆ ಹೊರಟಿತ್ತು. ಅಲ್ಲಿ ಎಮ್ಮೆಗಳ ಹಿಂಡು ಈಜುತ್ತಿತ್ತು. ಒಂದು ಎಮ್ಮೆ ಕೊಂಬು ತಗ್ಗಿಸಿ ನೇರವಾಗಿ ಅದರತ್ತ ಬರತೊಡಗಿತು. “ಎಮ್ಮಿ! ಎಮ್ಮಿ!” ಎಂದು ಇಡೀ ಶಹಾಪುರ ಕೂಗಿತು. ನಮ್ಮವರು ಮೊಣಕಾಲಿನ ತನಕ ಇಳಿದು ನಿಂತುಬಿಟ್ಟರು. ಯುದ್ಧನೌಕೆ ಕಟ್ಟಿದ ಮನುಷ್ಯನಿಗೆ ಈಜು ಬರುತ್ತಿರಲಿಲ್ಲ. ಅಧಿಕಾರಿ ಪಂಚೆ ಎತ್ತಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಧುಡುಮ್ ಎಂದು ಸಪ್ಪಳವಾಯಿತು.

ಮಾವನವರು! ರುಮಾಲು ದಂಡೆಯ ಮೇಲೆ ಬಿದ್ದಿತ್ತು. ಬೋಳುತಲೆಯೊಂದು ನೀರು ಸೀಳಿಕೊಂಡು ಹೋಗುತ್ತಿತ್ತು. ಎಮ್ಮೆಯ ಮೂತಿಗೆ ನೀರು ಚಿಮ್ಮಿಸಿ ಅದನ್ನು ಹಿಂದಕ್ಕಟ್ಟಿದರು. ಒಂದು ಅಂಗೈಯಲ್ಲಿ ಹಡಗನ್ನು ನೀರಿನ ಮೇಲೆಯೇ ತಳ್ಳುತ್ತ, ಇನ್ನೊಂದರಲ್ಲಿ ಈಜುತ್ತ ದಂಡೆಗೆ ಬಂದರು. ಏದುಸಿರು ಬಿಡುತ್ತಲೇ ಮಗನಿಗೆ, “ತಂತಿ ಹರೀಲಾರದಂಗ ಹಿಡಿ. ನನ್ನ ಸೊಸಿ ಕೂದಲ ಅದಾವ ಅದರಾಗ,” ಎಂದರು.

ನನ್ನ ಕಣ್ಣು ತುಂಬಿತು. ಅವರಿಗೆ ಅದು ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗುವಾಗ ಹಡಗನ್ನು ಒದ್ದೆ ತಲೆಯ ಮೇಲೆ ತಾವೇ ಹೊತ್ತರು.

ಕನ್ನಡ ನಾಡೆಲ್ಲ ಒಂದಾಗುವ ಮೊದಲೇ ಅಧಿಕಾರಿಗೆ ತಮ್ಮ ಸೀಮೆಗೆ ವರ್ಗವಾಯಿತು. ನಮ್ಮವರು ಹಡಗನ್ನು ಅವರ ಕೈಗಿಟ್ಟರು. “ಕಡಲ ನೋಡ್ಲಿ ಬಿಡ್ರಿ ಅದು,” ಎಂದರು. ಆಮೇಲೆ ಎಷ್ಟೋ ಹಡಗುಗಳಾದವು, ಮಕ್ಕಳಾದರು, ಅಂಗಡಿ ಯಾದಗಿರಿಗೆ ಬಂತು.

ಇಷ್ಟು ಬರೆಯುವಷ್ಟರಲ್ಲಿ ನಮ್ಮವರು ಒಳಗಿನಿಂದ ಮೂರು ಸಲ ಕೂಗಿದ್ದಾರೆ. ಅವರಿಗೀಗ ಕೈ ನಡುಗುತ್ತದೆ. ಉಳಿ ನನ್ನದು, ಬೈಗುಳ ಅವರದು. ಈ ಸಲದ್ದು ವಿಮಾನ ಇಳಿಯುವ ಹಡಗು. ಊಟದ ಟೇಬಲ್ಲು ಪೂರ್ತಿ ಅದಕ್ಕೇ ಹೋಗಿದೆ. ನಾವೆಲ್ಲ ನೆಲದ ಮೇಲೆ ಉಣ್ಣುತ್ತಿದ್ದೇವೆ.

“ಇದನ್ನ ಎಲ್ಲಿ ಬಿಡೋಣು?” ಎಂದು ಕೇಳಿದರು ನಿನ್ನೆ.

“ತಿಂಥಣಿಗೆ ಹೋಗೋಣ್ರಿ. ಕೃಷ್ಣಾ ಹೊಳ್ಯಾಗ ಬಿಡೋಣ.”

“ಹುಚ್ಚೇನು? ಹರಿಯೋ ನೀರು ಅದು. ಮತ್ತ ಕೈಗೆ ಸಿಗಂಗಿಲ್ಲ.”

“ಸಿಗೂದು ಬ್ಯಾಡ್ರಿ.”

ಅವರು ನದಿ ಎಲ್ಲೆಲ್ಲಿ ಹಾಯ್ದು ಸಮುದ್ರಕ್ಕೆ ಹೋಗುತ್ತದೆ ಎಂದು ಮನಸ್ಸಿನಲ್ಲೇ ನಕ್ಷೆ ಬಿಡಿಸುತ್ತಿದ್ದರು, ನನಗೆ ಗೊತ್ತು. “ನಡುವ ಅಣೆಕಟ್ಟ ಅದಾವಲ್ಲ,” ಎಂದರು ಕೊನೆಗೆ.

“ಅದನ್ನ ಹಡಗ ನೋಡ್ಕೋತದ,” ಎಂದೆ.

ಅವರು ಗಂಟಲು ಸರಿಮಾಡಿಕೊಂಡು, “ಹಂಗಾದ್ರ ಬಣ್ಣ ಇನ್ನೊಂದು ಸುತ್ತ ಬೇಕು,” ಎಂದರು. ಹೋಗಿ ಬಣ್ಣ ಕಲೆಸಬೇಕು. ಶುಕ್ರವಾರಕ್ಕೆ ಜೀಪು ಹೇಳಿದ್ದೇವೆ.